ಹಳೆಯ ಕಾರಿಗೆ ಹೊಸ ಟೈರು ಹಾಕಬಹುದೇ?

(ವಿದ್ಯಾರ್ಥಿಗಳು ಮತ್ತು ಇತಿಹಾಸಾಸಕ್ತರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಾರ್ ರೇಸ್ ಎಂದರೆ ನಮಗೆಲ್ಲ ಒಂದು ಕಲ್ಪನೆ ಇದೆ. ಯಾರ ಕಾರು ಹೆಚ್ಚು ವೇಗವಾಗಿ ಹೋಗುತ್ತದೋ ಅವರು ಗೆಲ್ಲುತ್ತಾರೆ. ಆದ್ದರಿಂದ ರೇಸಿಗೆ ಇಳಿಯುವವರು ಸಿಗುವ ವಸ್ತುಗಳಲ್ಲೆಲ್ಲ ಉತ್ತಮವಾದದ್ದನ್ನೇ ಹುಡುಕಿ ಹಾಕಿಸುತ್ತಾರೆ ಎಂದು ನಾವು ತಿಳಿದಿರುತ್ತೇವೆ. ಆದರೆ ಇಂಗ್ಲೆಂಡಿನಲ್ಲಿ ಒಂದು ರೇಸ್ ಇದೆ. ಅಲ್ಲಿ ಕೋಟಿಗಟ್ಟಲೆ ಬೆಲೆಬಾಳುವ ಕಾರುಗಳು ಓಡುತ್ತವೆ. ಆದರೆ ಆ ಕಾರುಗಳಿಗೆ ಇಂದಿನ ಅಂಗಡಿಯಲ್ಲಿ ಸಿಗುವ ಒಳ್ಳೆಯ ರೇಡಿಯಲ್ ಟೈರು ಹಾಕುವಂತಿಲ್ಲ. ಅರವತ್ತು ವರ್ಷಗಳ ಹಿಂದಿನ ಮಾದರಿಯ, ಕಿರಿದಾದ, ಎತ್ತರದ, ಹೆಚ್ಚು ಜಾರುವ ಟೈರುಗಳನ್ನೇ ಹಾಕಬೇಕು.

ಇದೆಂಥ ಹಠ ಎಂದು ನಿಮಗೆ ಅನ್ನಿಸಬಹುದು. ಅಷ್ಟು ದುಡ್ಡು ಸುರಿದು ಕೊಂಡ ಕಾರಿಗೆ ಒಳ್ಳೆಯ ಟೈರು ಬೇಡವೇ? ಟೈರು ಚೆನ್ನಾಗಿದ್ದಷ್ಟೂ ಪ್ರಾಣಕ್ಕೆ ಕ್ಷೇಮವಲ್ಲವೇ? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಇವತ್ತಿನ ನನ್ನ ಮಾತಿನ ಉದ್ದೇಶ. ನಿಮ್ಮಲ್ಲಿ ಕೆಲವರು ಮೆಕ್ಯಾನಿಕಲ್ ಓದುತ್ತಿದ್ದೀರಿ, ಹೆಚ್ಚಿನವರು ಇತಿಹಾಸದ ಕುತೂಹಲದಿಂದ ಬಂದಿದ್ದೀರಿ. ವರದಿಗಾರಿಕೆ ನನ್ನ ವೃತ್ತಿ, ಎಂಜಿನಿಯರಿಂಗ್ ಅಲ್ಲ. ಹಾಗಾಗಿ ಆದಷ್ಟು ಸರಳವಾಗಿ ಹೇಳಲು ಪ್ರಯತ್ನಿಸುತ್ತೇನೆ.

ವಿಮಾನ ನಿಲ್ದಾಣದ ಸುತ್ತ ಒಂದು ರಸ್ತೆ

ಮೊದಲು ‘ವಿಂಟೇಜ್’ ಎಂಬ ಪದ. ನಮ್ಮಲ್ಲಿ ಹಳೆಯ ಕಾರಿಗೆಲ್ಲ ವಿಂಟೇಜ್ ಎನ್ನುವ ರೂಢಿ ಇದೆ. ಆದರೆ 1934ರಲ್ಲಿ ಬ್ರಿಟನ್ನಿನಲ್ಲಿ ಸ್ಥಾಪನೆಯಾದ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನ ಲೆಕ್ಕದಲ್ಲಿ 1930ರ ಕೊನೆಯೊಳಗೆ ತಯಾರಾದದ್ದು ಮಾತ್ರ ವಿಂಟೇಜ್. ನಂತರದ ಕಾರುಗಳಿಗೆ ಬೇರೆ ಬೇರೆ ಹೆಸರುಗಳಿವೆ. ರೇಸ್ ಜಗತ್ತಿನಲ್ಲಿ ಇವೆಲ್ಲವನ್ನೂ ಸೇರಿಸಿ ಸಾಮಾನ್ಯವಾಗಿ ‘ಹಿಸ್ಟಾರಿಕ್’ ಎನ್ನುತ್ತಾರೆ. ನಾನು ಇಲ್ಲಿ ಮುಖ್ಯವಾಗಿ ಮಾತನಾಡುವುದು ಎರಡನೇ ಮಹಾಯುದ್ಧದ ನಂತರದ, 1950 ಮತ್ತು 60ರ ದಶಕಗಳ ಸ್ಪೋರ್ಟ್ಸ್ ಕಾರುಗಳ ಬಗ್ಗೆ.

ದಕ್ಷಿಣ ಇಂಗ್ಲೆಂಡಿನ ಗುಡ್‌ವುಡ್ ಎಂಬಲ್ಲಿ ಯುದ್ಧಕಾಲದಲ್ಲಿ ವಾಯುಪಡೆಯ ವಿಮಾನ ನಿಲ್ದಾಣವೊಂದಿತ್ತು. ಅದರ ಸುತ್ತ ಹಾಕಿದ್ದ ಸುಮಾರು 3.8 ಕಿಲೊಮೀಟರ್ ಉದ್ದದ ರಸ್ತೆಯೇ ಯುದ್ಧ ಮುಗಿದ ಮೇಲೆ ರೇಸ್ ಟ್ರ್ಯಾಕ್ ಆಯಿತು. 1948ರ ಸೆಪ್ಟೆಂಬರ್ 18ರಂದು ಅಲ್ಲಿ ಮೊದಲ ರೇಸ್ ನಡೆಯಿತು. ಹದಿನೆಂಟು ವರ್ಷ ಕಳೆಯುವುದರೊಳಗೆ ಕಾರುಗಳ ವೇಗ ಆ ಟ್ರ್ಯಾಕಿಗೆ ಮೀರಿತ್ತು. 1966ರಲ್ಲಿ ರೇಸ್‌ಗಳನ್ನು ನಿಲ್ಲಿಸಿದರು. ಮತ್ತೆ 1998ರಲ್ಲಿ, ಮೊದಲ ರೇಸ್ ನಡೆದು ಸರಿಯಾಗಿ ಐವತ್ತು ವರ್ಷವಾದ ದಿನ, ‘ಗುಡ್‌ವುಡ್ ರಿವೈವಲ್’ ಎಂಬ ಹೆಸರಿನಲ್ಲಿ ಟ್ರ್ಯಾಕ್ ತೆರೆಯಿತು. ಅಲ್ಲಿನ ರೇಸ್‌ಗಳು ಆ ಹಳೆಯ ಕಾಲದ, ಅಂದರೆ 1966ರವರೆಗಿನ ಬಗೆಯ ಕಾರುಗಳಿಗೆ ಮೀಸಲು.

ನಮ್ಮಲ್ಲಿಯೂ ಹಳೆಯ ಕಾರುಗಳನ್ನು ಪ್ರೀತಿಯಿಂದ ಉಳಿಸಿಕೊಂಡವರಿದ್ದಾರೆ. ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಕಾರು ಸಂಗ್ರಹಾಲಯವನ್ನು ನೋಡಿರುತ್ತೀರಿ. ಅಲ್ಲಿ ಕಾರುಗಳು ನಿಂತಿವೆ, ನಾವು ಸುತ್ತ ನಡೆದು ನೋಡುತ್ತೇವೆ. ನಿಂತ ಕಾರಿನಲ್ಲಿ ಬಣ್ಣ, ಆಕಾರ, ಕುಸುರಿ ಎಲ್ಲ ಕಾಣುತ್ತದೆ. ಅದು ಹೇಗೆ ಓಡುತ್ತಿತ್ತು, ಓಡಿಸುವವನ ಕೈಕಾಲುಗಳಿಂದ ಏನನ್ನು ಬಯಸುತ್ತಿತ್ತು ಎಂಬುದು ಮಾತ್ರ ಕಾಣುವುದಿಲ್ಲ. ಗುಡ್‌ವುಡ್‌ನಂಥ ಕಡೆ ಉಳಿಸಲು ಯತ್ನಿಸುತ್ತಿರುವುದು ಅದನ್ನೇ. ಟೈರಿನ ಪ್ರಶ್ನೆ ಬರುವುದೂ ಅಲ್ಲಿಯೇ.

ನೈಲಾನ್ ಟೈರು, ರೇಡಿಯಲ್ ಟೈರು

ಗಾಳಿ ತುಂಬಿದ ಟೈರಿಗೆ ಮೊದಲು ಪೇಟೆಂಟ್ ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್. ಅದು 1845ರಲ್ಲಿ. ಆಗ ಅದು ಬಳಕೆಗೆ ಬರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಸೈಕಲ್ಲಿಗಾಗಿ ಅದನ್ನು ಮತ್ತೆ ಕಂಡುಹಿಡಿದ. 1895ರಲ್ಲಿ ಫ್ರಾನ್ಸಿನ ಮಿಷಲಿನ್ ಸೋದರರು ಪ್ಯಾರಿಸ್–ಬೋರ್ಡೊ–ಪ್ಯಾರಿಸ್ ರೇಸಿನಲ್ಲಿ ಗಾಳಿ ಟೈರಿನ ಕಾರು ಓಡಿಸಿದರು. ದಾರಿಯುದ್ದಕ್ಕೂ ಪಂಕ್ಚರ್‌ಗಳ ಕಾಟ. ಆದರೂ ಗಾಳಿಯ ಮೇಲೆ ಕಾರು ಓಡಬಲ್ಲದು ಎಂಬುದು ಸಾಬೀತಾಯಿತು. ನಮ್ಮ ಹಳ್ಳಿಗಳಲ್ಲಿ ಕಬ್ಬಿಣದ ಪಟ್ಟಿಯ ಮರದ ಚಕ್ರ ಹೋಗಿ ‘ಟೈರ್ ಗಾಡಿ’ ಬಂದಾಗ ಎತ್ತುಗಳಿಗೂ ಗಾಡಿ ಹೊಡೆಯುವವರಿಗೂ ಆದ ವ್ಯತ್ಯಾಸ ಹಿರಿಯರಿಗೆ ಗೊತ್ತು.

ಟೈರು ಬರಿಯ ರಬ್ಬರಲ್ಲ. ಒಳಗೆ ದಾರದ ಎಳೆಗಳ ಪದರಗಳಿರುತ್ತವೆ. ಹಳೆಯ ಟೈರಿನಲ್ಲಿ ಈ ಎಳೆಗಳು ಓರೆಯಾಗಿ, ಒಂದು ಪದರದ ಎಳೆ ಇನ್ನೊಂದನ್ನು ಕತ್ತರಿಸುವಂತೆ ಹಾದುಹೋಗುತ್ತವೆ. ಇದಕ್ಕೆ ಕ್ರಾಸ್ ಪ್ಲೈ ಎಂದು ಹೆಸರು. ನಮ್ಮ ಟೈರ್ ಅಂಗಡಿಗಳಲ್ಲಿ ‘ನೈಲಾನ್ ಟೈರು’ ಎನ್ನುವುದು ಇದನ್ನೇ. ಇನ್ನೊಂದು ಬಗೆಯಲ್ಲಿ ಎಳೆಗಳು ರಿಮ್ಮಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹೋಗುತ್ತವೆ. ನೆಲ ಮುಟ್ಟುವ ಭಾಗದ ಕೆಳಗೆ ಮಾತ್ರ ಬಿಗಿಯಾದ ಪಟ್ಟಿಯೊಂದು ಸುತ್ತಿರುತ್ತದೆ. ಇದು ರೇಡಿಯಲ್. ಮಿಷಲಿನ್ ಕಂಪನಿ 1946ರಲ್ಲಿ ಇದಕ್ಕೆ ಪೇಟೆಂಟ್ ಪಡೆದು ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಗೆ ತಂದಿತು. ರಸ್ತೆಯಲ್ಲಿ ರೇಡಿಯಲ್ ಬೇಗ ಹೆಸರು ಮಾಡಿತು. ಆದರೆ ರೇಸಿನಲ್ಲಿ ಕ್ರಾಸ್ ಪ್ಲೈ ಬಹುಕಾಲ ಉಳಿಯಿತು. ಫಾರ್ಮುಲಾ ಒನ್‌ಗೆ ರೇಡಿಯಲ್ ಕಾಲಿಟ್ಟದ್ದು 1977ರಲ್ಲಿ, ರೆನೊ ಕಾರಿನ ಜತೆಗೆ. ಅಂದರೆ ನಾವು ಮಾತನಾಡುತ್ತಿರುವ ಕಾಲದ ರೇಸ್ ಕಾರುಗಳೆಲ್ಲ ಕ್ರಾಸ್ ಪ್ಲೈ ಟೈರನ್ನು ಮನಸ್ಸಿನಲ್ಲಿಟ್ಟುಕೊಂಡೇ ರೂಪಿಸಿದವು.

ಈ ಎರಡು ಟೈರುಗಳ ನಡುವಿನ ವ್ಯತ್ಯಾಸ ಗೊತ್ತಾಗುವುದು ತಿರುವಿನಲ್ಲಿ. ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಯಾವ ದಿಕ್ಕಿಗೆ ಮುಖ ಮಾಡುತ್ತದೋ ಕಾರು ಅದೇ ದಿಕ್ಕಿಗೆ ಹೋಗುತ್ತದೆ ಎಂದು ನಾವು ಭಾವಿಸುತ್ತೇವೆ. ನಿಜವಾಗಿ ಹಾಗಾಗುವುದಿಲ್ಲ. ನೆಲಕ್ಕೆ ಅಂಟಿದ ರಬ್ಬರು ತುಸು ತಿರುಚಿಕೊಳ್ಳುತ್ತದೆ. ಚಕ್ರ ತೋರಿಸುವ ದಿಕ್ಕಿಗೂ ಕಾರು ಸಾಗುವ ದಿಕ್ಕಿಗೂ ನಡುವೆ ಒಂದು ಸಣ್ಣ ಕೋನ ಏರ್ಪಡುತ್ತದೆ. ಇದಕ್ಕೆ ‘ಸ್ಲಿಪ್ ಆ್ಯಂಗಲ್’ ಎನ್ನುತ್ತಾರೆ. ನಾವು ಜಾರುಕೋನ ಎನ್ನೋಣ. ಈ ಕೋನ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತದೆ, ಒಂದು ಮಿತಿಯವರೆಗೆ ಮಾತ್ರ. ಮಿತಿ ದಾಟಿದರೆ ಹಿಡಿತ ಇಳಿಯತೊಡಗುತ್ತದೆ.

ರೇಡಿಯಲ್ ಟೈರು ಕಡಿಮೆ ಕೋನದಲ್ಲೇ ಹೆಚ್ಚು ಹಿಡಿತ ಕೊಡುತ್ತದೆ. ಆದರೆ ಮಿತಿ ದಾಟಿದೊಡನೆ ಸರಕ್ಕನೆ ಕೈಬಿಡುವ ಸ್ವಭಾವ ಅದರದು. ಕ್ರಾಸ್ ಪ್ಲೈ ಕೊಡುವ ಹಿಡಿತ ಕಡಿಮೆ. ಆದರೆ ಅದು ದೊಡ್ಡ ಕೋನದವರೆಗೂ ನಿಧಾನವಾಗಿ ಜಾರುತ್ತಾ, ‘ಇನ್ನು ಸಾಕು’ ಎಂದು ಮೊದಲೇ ಸೂಚನೆ ಕೊಡುತ್ತಾ ಹೋಗುತ್ತದೆ. 1950ರ ದಶಕದ ರೇಸ್ ಚಿತ್ರಗಳನ್ನು ಗಮನಿಸಿ. ಕಾರಿನ ಮೂತಿ ತಿರುವಿನ ಒಳಕ್ಕೆ ತಿರುಗಿರುತ್ತದೆ, ನಾಲ್ಕೂ ಚಕ್ರಗಳು ಒಟ್ಟಿಗೆ ಹೊರಕ್ಕೆ ಜಾರುತ್ತಿರುತ್ತವೆ, ಚಾಲಕ ಮಾತ್ರ ನಿರಾತಂಕವಾಗಿ ಕೂತಿರುತ್ತಾನೆ. ಇದನ್ನು ‘ಫೋರ್ ವ್ಹೀಲ್ ಡ್ರಿಫ್ಟ್’ ಎನ್ನುತ್ತಿದ್ದರು. ಫಾಂಜಿಯೊ, ಸ್ಟರ್ಲಿಂಗ್ ಮಾಸ್‌ರಂಥವರು ಕಾರನ್ನು ಸ್ಟಿಯರಿಂಗಿನಿಂದ ಎಷ್ಟು ತಿರುಗಿಸುತ್ತಿದ್ದರೋ ಆಕ್ಸಿಲರೇಟರಿನಿಂದಲೂ ಅಷ್ಟೇ ತಿರುಗಿಸುತ್ತಿದ್ದರು. ಆ ವಿದ್ಯೆ ಅವರ ಟೈರಿನ ಗುಣಕ್ಕೆ ಹೊಂದಿಕೊಂಡು ಬೆಳೆದದ್ದು.

ಟೈರಿನ ಆಯ್ಕೆಯೇ ರೇಸ್ ಗೆಲ್ಲಿಸಿದ್ದಕ್ಕೂ ಉದಾಹರಣೆ ಇದೆ. 1957ರ ಜರ್ಮನ್ ಗ್ರ್ಯಾನ್ ಪ್ರಿಯಲ್ಲಿ ಫಾಂಜಿಯೊನ ಮಾಸೆರಾಟಿ ಮೆದು ಟೈರು ಮತ್ತು ಅರ್ಧ ಟ್ಯಾಂಕ್ ಪೆಟ್ರೋಲಿನೊಂದಿಗೆ ಹೊರಟಿತು. ನಡುವೆ ನಿಂತು ಟೈರು ಬದಲಿಸುವ ಯೋಜನೆ ಅವನದು. ಗಟ್ಟಿ ಟೈರು ಹಾಕಿದ್ದ ಫೆರಾರಿಗಳು ನಿಲ್ಲದೆ ಓಡುವ ಲೆಕ್ಕದಲ್ಲಿದ್ದವು. ಫಾಂಜಿಯೊ ನಿಂತಾಗ ಕೆಲಸ ತಡವಾಗಿ ಮುಕ್ಕಾಲು ನಿಮಿಷದಷ್ಟು ಹಿಂದೆ ಬಿದ್ದ. ಆಮೇಲೆ ಸುತ್ತಿನಿಂದ ಸುತ್ತಿಗೆ ದಾಖಲೆ ಮುರಿಯುತ್ತಾ ಬಂದು 3.6 ಸೆಕೆಂಡುಗಳಿಂದ ಗೆದ್ದ.

ಭಾರ ಹೋಗುವುದೆಲ್ಲಿಗೆ?

ಈಗ ಸಸ್ಪೆನ್ಶನ್ನಿಗೆ ಬರೋಣ. ಚಕ್ರಕ್ಕೂ ಕಾರಿನ ಮೈಗೂ ನಡುವೆ ಇರುವ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ತೋಳು, ಸರಳುಗಳ ಏರ್ಪಾಡು ಇದು. ಹಳ್ಳ ದಿಣ್ಣೆಗಳ ಕುಲುಕಾಟ ತಪ್ಪಿಸುವುದಷ್ಟೇ ಇದರ ಕೆಲಸ ಎಂದು ನಾವು ತಿಳಿದಿದ್ದೇವೆ. ರೇಸಿನಲ್ಲಿ ಅದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿದೆ. ತಿರುವಿನಲ್ಲಿ ನಾಲ್ಕು ಟೈರುಗಳ ಮೇಲೆ ಯಾವುದಕ್ಕೆ ಎಷ್ಟು ಭಾರ ಎಂದು ಹಂಚುವುದು.

ಒಂದು ಲೆಕ್ಕ ಮಾಡೋಣ. ಸಾವಿರ ಕಿಲೊ ತೂಕದ ಕಾರು. ಎಡಬಲ ಚಕ್ರಗಳ ಅಂತರ 1.25 ಮೀಟರ್. ಕಾರಿನ ತೂಕದ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದೆ ಎನ್ನಿ. ನಿಂತಾಗ ಎಡಕ್ಕೆ 500, ಬಲಕ್ಕೆ 500 ಕಿಲೊ. ಈಗ ತಿರುವು. ಟೈರುಗಳು ಕಾರಿನ ತೂಕದ 0.7 ಪಾಲಿನಷ್ಟು ಅಡ್ಡಬಲ ತಾಳಬಲ್ಲವು ಎಂದಿಟ್ಟುಕೊಳ್ಳಿ. ಆಗ 280 ಕಿಲೊ ಭಾರ ಒಳಬದಿಯಿಂದ ಹೊರಬದಿಗೆ ಸರಿಯುತ್ತದೆ. ಹೊರಗಿನ ಚಕ್ರಗಳ ಮೇಲೆ 780, ಒಳಗಿನವುಗಳ ಮೇಲೆ 220. ಗಟ್ಟಿ ಸ್ಪ್ರಿಂಗ್ ಹಾಕಿದರೂ ಮೆದು ಸ್ಪ್ರಿಂಗ್ ಹಾಕಿದರೂ ಈ ಒಟ್ಟು ಮೊತ್ತ ಹೆಚ್ಚು ಬದಲಾಗುವುದಿಲ್ಲ. ಕಾರು ಎಷ್ಟು ವಾಲುತ್ತದೆ, ಸರಿದ ಭಾರದಲ್ಲಿ ಮುಂದಿನ ಚಕ್ರಗಳ ಪಾಲೆಷ್ಟು, ಹಿಂದಿನವುಗಳ ಪಾಲೆಷ್ಟು ಎಂಬುದನ್ನು ಮಾತ್ರ ಸಸ್ಪೆನ್ಶನ್ ನಿರ್ಧರಿಸುತ್ತದೆ.

ಆ ಪಾಲು ಏಕೆ ಮುಖ್ಯ? ಟೈರಿನ ಮೇಲೆ ಭಾರ ಎರಡರಷ್ಟಾದರೆ ಹಿಡಿತ ಎರಡರಷ್ಟಾಗುವುದಿಲ್ಲ. ಇಬ್ಬರು ಹಮಾಲರು ತಲಾ 50 ಕಿಲೊ ಹೊತ್ತರೆ ಇಬ್ಬರೂ ಸಲೀಸಾಗಿ ನಡೆಯುತ್ತಾರೆ. ಒಬ್ಬನಿಗೆ 90, ಇನ್ನೊಬ್ಬನಿಗೆ 10 ಕಿಲೊ ಕೊಟ್ಟರೆ ಮೊದಲನೆಯವನು ಬಳಲುತ್ತಾನೆ, ಎರಡನೆಯವನ ಶಕ್ತಿ ವ್ಯರ್ಥ. ಟೈರುಗಳದೂ ಹಾಗೆಯೇ. ಮುಂದಿನ ಎರಡು ಟೈರುಗಳ ನಡುವೆ ಭಾರದ ಅಂತರ ಹೆಚ್ಚಾದರೆ ಮುಂಭಾಗದ ಒಟ್ಟು ಹಿಡಿತ ಇಳಿದು ಕಾರು ತಿರುಗದೆ ಹೊರಕ್ಕೆ ಸರಿಯುತ್ತದೆ. ಇದು ಅಂಡರ್‌ಸ್ಟಿಯರ್. ಹಿಂದಿನ ಟೈರುಗಳಲ್ಲಿ ಅಂತರ ಹೆಚ್ಚಾದರೆ ಬಾಲ ಹೊರಕ್ಕೆ ಬೀಸುತ್ತದೆ. ಇದು ಓವರ್‌ಸ್ಟಿಯರ್. ಎಡಬಲ ಚಕ್ರಗಳನ್ನು ಜೋಡಿಸುವ ‘ಆ್ಯಂಟಿ ರೋಲ್ ಬಾರ್’ ಎಂಬ ಉಕ್ಕಿನ ಸರಳನ್ನು ದಪ್ಪ ಅಥವಾ ತೆಳು ಮಾಡಿ ಈ ಅಂತರವನ್ನು ಹೊಂದಿಸುತ್ತಾರೆ.

ಇದನ್ನು ವಿಜ್ಞಾನವಾಗಿ ಬೆಳೆಸಿದವರಲ್ಲಿ ಮಾರಿಸ್ ಆಲಿ ಪ್ರಮುಖ. ರೋಲ್ಸ್ ರಾಯ್ಸ್‌ನಲ್ಲಿದ್ದ ಈ ಎಂಜಿನಿಯರ್ 1930ರಲ್ಲಿ ಅಮೆರಿಕದ ಕ್ಯಾಡಿಲಾಕ್ ಸೇರಿದ. 1934ರ ಜನರಲ್ ಮೋಟಾರ್ಸ್ ಕಾರುಗಳಲ್ಲಿ ಮುಂದಿನ ಎರಡು ಚಕ್ರಗಳು ಒಂದರ ಹಂಗಿಲ್ಲದೆ ಇನ್ನೊಂದು ಏರಿಳಿಯುವ ವ್ಯವಸ್ಥೆ ಬಂದುದರ ಹಿಂದೆ ಅವನ ದುಡಿಮೆ ಇತ್ತು. ಅಲ್ಲಿಂದ ಮುಂದೆ ಟೈರು ಮತ್ತು ಸಸ್ಪೆನ್ಶನ್ ಒಂದೇ ಲೆಕ್ಕದ ಎರಡು ಬದಿಗಳು ಎಂಬುದು ಸ್ಪಷ್ಟವಾಗುತ್ತಾ ಹೋಯಿತು.

ಆ ಲೆಕ್ಕವನ್ನು ಒಬ್ಬೊಬ್ಬರು ಒಂದೊಂದು ರೀತಿ ಬಿಡಿಸಿದರು. ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ ಮೆದು ಸ್ಪ್ರಿಂಗ್ ಮತ್ತು ಬಿಗಿ ಶಾಕ್ ಅಬ್ಸಾರ್ಬರ್ ಇಟ್ಟ. ಹಗುರ ಕಾರಿನ ಚಕ್ರ ನೆಲ ಬಿಡಬಾರದು ಎಂಬುದು ಅವನ ಗುರಿ. ಜಾಗ್ವಾರ್ ಡಿ ಟೈಪ್ ಕಾರಿನಲ್ಲಿ ಹಿಂದಿನ ಎರಡು ಚಕ್ರಗಳು ಒಂದೇ ಗಟ್ಟಿ ಅಚ್ಚಿನ ತುದಿಗಳಲ್ಲಿದ್ದವು. ನುಣುಪಾದ ಲ ಮಾನ್ಸ್ ಟ್ರ್ಯಾಕಿನಲ್ಲಿ ಅದು 1955, 56 ಮತ್ತು 57ರಲ್ಲಿ ಸತತವಾಗಿ ಗೆದ್ದಿತು. ಒರಟು ಟ್ರ್ಯಾಕುಗಳಲ್ಲಿ ಅದಕ್ಕೆ ಆ ವೈಭವ ಇರಲಿಲ್ಲ. ಒಂದು ಚಕ್ರ ಉಬ್ಬಿನ ಮೇಲೆ ಹತ್ತಿದರೆ ಇನ್ನೊಂದೂ ಓರೆಯಾಗುತ್ತಿತ್ತು.

ಹಿಡಿತ ಹೆಚ್ಚಾದರೆ ಏನಾಗುತ್ತದೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇಂಥ ಕಾರಿಗೆ ಇಂದಿನ ಅಂಟು ರಬ್ಬರಿನ ಅಗಲ ಟೈರು ಹಾಕಿದೆವು ಎನ್ನಿ. ಅಡ್ಡಬಲ ತೂಕದ 0.7 ಪಾಲಿನಿಂದ ಪೂರ್ತಿ ತೂಕದಷ್ಟಕ್ಕೆ ಏರಿತು. ಅದೇ ಕಾರು, ಅದೇ ಲೆಕ್ಕ. ಈಗ ಸರಿಯುವ ಭಾರ 400 ಕಿಲೊ. ಹೊರಗೆ 900, ಒಳಗೆ ಬರೇ 100. ಮುಂದೆಯೋ ಹಿಂದೆಯೋ ಒಂದು ಒಳಚಕ್ರ ನೆಲ ಬಿಟ್ಟೇಳುವ ಸ್ಥಿತಿ. ಹೊರಗಿನ ಎರಡು ಚಕ್ರಗಳ ಮೇಲೆ ಬೀಳುವ ಅಡ್ಡಬಲವೂ ಸ್ಥೂಲವಾಗಿ 550 ಕಿಲೊ ಇದ್ದದ್ದು 900 ಕಿಲೊಗೆ ಏರುತ್ತದೆ. ಟೈರಿನ ಹಿಡಿತ ಹೆಚ್ಚಿದ ಪ್ರಮಾಣಕ್ಕಿಂತ ಹೊರಚಕ್ರದ ಮೇಲಿನ ಒತ್ತಡ ಹೆಚ್ಚಿದ ಪ್ರಮಾಣ ದೊಡ್ಡದು.

ಆ ಒತ್ತಡ ಹೋಗುವುದು ಎಲ್ಲಿಗೆ? ಚಕ್ರದ ಕಡ್ಡಿಗಳಿಗೆ, ಹಬ್ಬಿಗೆ, ಬೇರಿಂಗಿಗೆ, ಸ್ಟಬ್ ಆ್ಯಕ್ಸಲ್ಲಿಗೆ, ಸಸ್ಪೆನ್ಶನ್ ತೋಳು ಚಾಸಿಗೆ ಸೇರುವ ಬೆಸುಗೆಗೆ. ಇವೆಲ್ಲ ಅಂದಿನ ಟೈರಿನ ಹಿಡಿತವನ್ನು ನೋಡಿ ಮಾಡಿದವು. ಅದರ ಮೇಲೆ ಲೋಹಕ್ಕೆ ಅರವತ್ತು ವರ್ಷದ ದಣಿವು. ಹಳೆಯ ವೀಣೆಗೆ ಅದು ತಾಳದಷ್ಟು ಬಿಗಿಯಾದ ತಂತಿ ಕಟ್ಟಿದರೆ ಏನಾಗುತ್ತದೆ? ಸದ್ದು ಜೋರಾಗಬಹುದು, ದಂಡಿ ಬಾಗುತ್ತದೆ. ಜಾರುವ ಟೈರು ಒಂದು ರೀತಿಯಲ್ಲಿ ಫ್ಯೂಸ್ ಇದ್ದಂತೆ. ಲೋಹ ಮುರಿಯುವ ಮೊದಲು ಟೈರು ಜಾರಿ ಕಾರನ್ನು ಕಾಯುತ್ತದೆ. ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಹಾಕಿದರೆ ಮನೆಯ ವೈರಿಂಗ್ ಸುಡುತ್ತದೆ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ.

ಇನ್ನೊಂದು ತೊಡಕು ಚಕ್ರದ ವಾಲುವಿಕೆಯದು. ಮುಂದಿನಿಂದ ನೋಡಿದಾಗ ಚಕ್ರದ ಮೇಲ್ತುದಿ ಒಳಕ್ಕೆ ವಾಲಿದ್ದರೆ ನೆಗೆಟಿವ್ ಕ್ಯಾಂಬರ್, ಹೊರಕ್ಕೆ ವಾಲಿದ್ದರೆ ಪಾಸಿಟಿವ್. 1962ರಲ್ಲಿ ಬಂದ ಎಂ.ಜಿ.ಬಿ. ಎಂಬ ಜನಪ್ರಿಯ ಸ್ಪೋರ್ಟ್ಸ್ ಕಾರಿನ ಮುಂದಿನ ಚಕ್ರಗಳನ್ನು ಕಾರ್ಖಾನೆಯಲ್ಲಿ ಸುಮಾರು ಒಂದು ಡಿಗ್ರಿ ಪಾಸಿಟಿವ್ ಕ್ಯಾಂಬರ್‌ಗೆ ಹೊಂದಿಸುತ್ತಿದ್ದರು. ತಿರುವಿನಲ್ಲಿ ಮೈ ವಾಲಿದಂತೆ ಹೊರಚಕ್ರ ಇನ್ನಷ್ಟು ಹೊರಕ್ಕೆ ವಾಲುತ್ತದೆ. ದುಂಡು ಅಂಚಿನ ಕ್ರಾಸ್ ಪ್ಲೈ ಇದನ್ನು ಒಂದಿಷ್ಟು ಸಹಿಸುತ್ತದೆ. ರೇಡಿಯಲ್ಲಿನ ಚಪ್ಪಟೆ ಪಟ್ಟಿ ನೆಲದ ಮೇಲೆ ಚಪ್ಪಟೆಯಾಗಿಯೇ ಕೂರಬೇಕು. ಇಲ್ಲದಿದ್ದರೆ ಹೊರ ಅಂಚು ಮಾತ್ರ ಕೆಲಸ ಮಾಡಿ ಸವೆಯುತ್ತದೆ. ಆದ್ದರಿಂದ ರೇಡಿಯಲ್ ಹಾಕಿದವರು ಕ್ಯಾಂಬರ್ ಬದಲಿಸಬೇಕು. ಅದಕ್ಕಾಗಿ ಸಸ್ಪೆನ್ಶನ್ ತೋಳು ಬದಲಿಸಬೇಕು. ವಾಲುವಿಕೆ ತಡೆಯಲು ಸ್ಪ್ರಿಂಗ್ ಗಟ್ಟಿ ಮಾಡಬೇಕು, ಅದಕ್ಕೆ ತಕ್ಕ ಶಾಕ್ ಅಬ್ಸಾರ್ಬರ್ ಬೇಕು. ಹೀಗೆ ಟೈರಿನಿಂದ ಶುರುವಾದದ್ದು ಕೊನೆಗೆ ಕಾರನ್ನೇ ಬದಲಿಸಿ ನಿಲ್ಲುತ್ತದೆ.

ಕೆಲವು ವಿನ್ಯಾಸಗಳಲ್ಲಿ ಹೆಚ್ಚು ಹಿಡಿತವೇ ಅಪಾಯ. 1954ರ ಮರ್ಸಿಡಿಸ್ 300 ಎಸ್.ಎಲ್. ಕಾರನ್ನು, ರೆಕ್ಕೆಯಂತೆ ಮೇಲಕ್ಕೆ ತೆರೆಯುವ ಬಾಗಿಲಿನದನ್ನು, ನೀವು ಚಿತ್ರದಲ್ಲಿ ನೋಡಿರುತ್ತೀರಿ. ಅದರ ಹಿಂದಿನ ಅಚ್ಚು ನಡುವಿನಿಂದ ಎರಡಾಗಿ ರೆಕ್ಕೆಗಳಂತೆ ಮೇಲೆ ಕೆಳಗೆ ಆಡುತ್ತದೆ. ತಿರುವಿನಲ್ಲಿ ಹೊರಚಕ್ರ ಗಟ್ಟಿಯಾಗಿ ನೆಲ ಹಿಡಿದಾಗ ಆ ಬಲವೇ ಕಾರಿನ ಹಿಂಭಾಗವನ್ನು ಮೇಲಕ್ಕೆತ್ತುತ್ತದೆ. ಚಕ್ರ ಕೆಳಗೆ ಮಡಚಿಕೊಂಡು ಬಾಲ ಒಮ್ಮೆಗೇ ಬೀಸುತ್ತದೆ. ಟೈರಿನ ಹಿಡಿತ ಹೆಚ್ಚಿದಷ್ಟೂ ಈ ಎತ್ತುವಿಕೆ ಹೆಚ್ಚು. 1957ರ ತೆರೆದ ಮಾದರಿಯಲ್ಲಿ ಕಂಪನಿಯವರೇ ಅಚ್ಚಿನ ಕೀಲನ್ನು ಕೆಳಗಿಳಿಸಿ ಇದನ್ನು ತಿದ್ದಿದರು.

ಪಿಟ್‌ನಲ್ಲಿ ನಡೆಯುವ ಕೆಲಸ

ಹಾಗಾದರೆ ಹಳೆಯ ಮಾದರಿಯ ಟೈರಿನಲ್ಲೇ ಕಾರನ್ನು ಹದಕ್ಕೆ ತರುವುದು ಹೇಗೆ? ಮೊದಲನೆಯದು ಟೈರಿನ ಆಯ್ಕೆ. ಅಂತರರಾಷ್ಟ್ರೀಯ ಮೋಟಾರು ಒಕ್ಕೂಟವಾದ ಎಫ್.ಐ.ಎ. ಹಿಸ್ಟಾರಿಕ್ ರೇಸ್‌ಗಳಿಗೆ ‘ಅಪೆಂಡಿಕ್ಸ್ ಕೆ’ ಎಂಬ ನಿಯಮಾವಳಿ ಮಾಡಿದೆ. ಕಾರು ಯಾವ ಕಾಲದ್ದೋ ಆ ಕಾಲದ ಮಾದರಿಯ ಟೈರು ಎಂಬುದು ಅದರ ಸಾಮಾನ್ಯ ನೀತಿ. 1950ರ ದಶಕದ ಬಹಳಷ್ಟು ಕಾರುಗಳಿಗೆ ಡನ್ಲಪ್‌ನ ‘ಎಲ್ ಸೆಕ್ಷನ್’ ಎಂಬ ಕಿರಿದಾದ ರೇಸ್ ಟೈರು ಬಳಕೆಯಲ್ಲಿದೆ. ಗಮನಿಸಿ, ಮಾದರಿ ಹಳೆಯದು, ಟೈರು ಹೊಸದಾಗಿ ತಯಾರಿಸಿದ್ದು. ಈ ವ್ಯತ್ಯಾಸ ಬಹಳ ಮುಖ್ಯ.

ಎರಡನೆಯದು ಗಾಳಿ. ಕಾಸಿಲ್ಲದ ಸಸ್ಪೆನ್ಶನ್ ಎಂದರೆ ಗಾಳಿಯೇ. ಕಾರು ಕೆಲವು ಸುತ್ತು ಓಡಿ ಪಿಟ್‌ಗೆ ಬಂದ ಕೂಡಲೇ ಸೂಜಿಯಂಥ ಮೊನೆಯಿರುವ ಥರ್ಮಾಮೀಟರನ್ನು ರಬ್ಬರಿಗೆ ಚುಚ್ಚಿ ಪ್ರತಿ ಟೈರಿನ ಒಳ ಅಂಚು, ನಡು, ಹೊರ ಅಂಚು ಮೂರೂ ಕಡೆ ಬಿಸಿ ನೋಡುತ್ತಾರೆ. ನಡು ಹೆಚ್ಚು ಬಿಸಿಯಾಗಿದ್ದರೆ ಗಾಳಿ ಜಾಸ್ತಿ. ಎರಡೂ ಅಂಚುಗಳು ಬಿಸಿಯಾಗಿದ್ದರೆ ಗಾಳಿ ಕಡಿಮೆ. ಒಳ ಅಂಚು ಅತಿಯಾಗಿ ಬಿಸಿಯಾಗಿದ್ದರೆ ನೆಗೆಟಿವ್ ಕ್ಯಾಂಬರ್ ಹೆಚ್ಚಾಗಿದೆ, ಹೊರ ಅಂಚಾದರೆ ಸಾಲದು. ವೈದ್ಯರು ನಾಡಿ ನೋಡಿದ ಹಾಗೆ ಇದು.

ಮೂರನೆಯದು ಸಮತೋಲ. ಮೂತಿ ಹೊರಕ್ಕೆ ಸರಿಯುತ್ತಿದೆಯೋ, ಬಾಲ ಬೀಸುತ್ತಿದೆಯೋ ಎಂದು ಚಾಲಕನನ್ನು ಕೇಳಿ ಆ್ಯಂಟಿ ರೋಲ್ ಬಾರ್, ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಹೊಂದಿಸುತ್ತಾರೆ. ಅನುಭವಿಗಳ ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಗುಣವಾದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಹಳೆಯ ಕಾರನ್ನು ಹಲಗೆಯಂತೆ ಗಟ್ಟಿ ಮಾಡುವುದು ಹೊಸಬರು ಮಾಡುವ ಸಾಮಾನ್ಯ ಕೆಲಸ. ಕಿರಿದಾದ ಟೈರಿಗೆ ಬೇಕಾದದ್ದು ಸದಾ ನೆಲದ ಸಂಪರ್ಕ. ಸ್ಪ್ರಿಂಗ್ ಅತಿ ಗಟ್ಟಿಯಾದರೆ ಚಕ್ರ ಉಬ್ಬಿನಿಂದ ಉಬ್ಬಿಗೆ ಕುಪ್ಪಳಿಸುತ್ತದೆ, ಇದ್ದ ಹಿಡಿತವೂ ಹೋಗುತ್ತದೆ. ತಿರುವಿನಲ್ಲಿ ನಮ್ಮ ಅಂಬಾಸಡರ್ ಕಾರು ವಾಲುತ್ತಿದ್ದುದನ್ನು ನೆನಪಿಸಿಕೊಳ್ಳಿ. ವಾಲುವುದೇ ದೋಷವಲ್ಲ, ವಾಲಿದಾಗಲೂ ಟೈರು ನೆಲದಲ್ಲಿದೆಯೇ ಎಂಬುದು ಪ್ರಶ್ನೆ.

ಪ್ರಾಣದ ಪ್ರಶ್ನೆ

ಇಷ್ಟಾದ ಮೇಲೂ ನಿಮ್ಮಲ್ಲಿ ಒಬ್ಬರು ಎದ್ದು ಕೇಳಬಹುದು: ‘ಆ ಕಾಲದ ರೇಸ್‌ಗಳಲ್ಲಿ ಎಷ್ಟೊಂದು ಜನ ಸತ್ತರಲ್ಲ? ಅದನ್ನೂ ಉಳಿಸಿಕೊಳ್ಳಬೇಕೇ?’ ನ್ಯಾಯವಾದ ಪ್ರಶ್ನೆ.

1957ರ ಮೇ 12ರಂದು ಇಟಲಿಯ ‘ಮಿಲ್ಲೆ ಮಿಲ್ಯಾ’ ರಸ್ತೆ ರೇಸಿನಲ್ಲಿ ಆಲ್ಫಾನ್ಸೊ ಡಿ ಪೋರ್ಟಾಗೊ ಓಡಿಸುತ್ತಿದ್ದ ಫೆರಾರಿಯ ಟೈರು ಗ್ವಿದಿತ್ಸೊಲೊ ಎಂಬ ಊರಿನ ಬಳಿ ಸಿಡಿಯಿತು. ಕಾರು ಜನರ ಮೇಲೆ ಹಾರಿತು. ಅವನೂ ಜತೆಗಾರನೂ ಸತ್ತರು. ನೋಡಲು ನಿಂತಿದ್ದ ಒಂಬತ್ತು ಮಂದಿ ಸತ್ತರು, ಅವರಲ್ಲಿ ಐವರು ಮಕ್ಕಳು. ಎನ್ಜೊ ಫೆರಾರಿಯ ಮೇಲೆ ಮೊಕದ್ದಮೆ ನಡೆದು 1961ರಲ್ಲಿ ಖುಲಾಸೆಯಾಯಿತು. ಮಿಲ್ಲೆ ಮಿಲ್ಯಾ ವೇಗದ ರೇಸ್ ಆಗಿ ಅಲ್ಲಿಗೆ ಮುಗಿಯಿತು. ಗುಡ್‌ವುಡ್ಡಿನಲ್ಲೇ 1962ರ ಏಪ್ರಿಲ್ 23ರಂದು ಸ್ಟರ್ಲಿಂಗ್ ಮಾಸ್‌ನ ಲೋಟಸ್ ಮಣ್ಣಿನ ದಿಬ್ಬಕ್ಕೆ ಬಡಿಯಿತು. ಸುಮಾರು ಒಂದು ತಿಂಗಳು ಅವನಿಗೆ ಪ್ರಜ್ಞೆ ಇರಲಿಲ್ಲ. ಆ ಕಾಲದ ಅತಿ ದೊಡ್ಡ ಚಾಲಕರಲ್ಲಿ ಒಬ್ಬನ ವೃತ್ತಿಜೀವನ ಅಲ್ಲಿಗೆ ನಿಂತಿತು.

ಆದ್ದರಿಂದ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆ ಬೇಕು. ಇಂದಿನ ಹಿಸ್ಟಾರಿಕ್ ರೇಸಿನಲ್ಲಿ ಚಾಲಕ ಅಂದಿನ ಚರ್ಮದ ಟೋಪಿ ಹಾಕುವುದಿಲ್ಲ. ಇಂದಿನ ಮಾನದಂಡದ ಹೆಲ್ಮೆಟ್, ಬೆಂಕಿ ತಡೆಯುವ ಉಡುಪು ಕಡ್ಡಾಯ. ಲೋಹದಲ್ಲಿ ಬಿರುಕಿದೆಯೇ ಎಂದು ಪರೀಕ್ಷಿಸುತ್ತಾರೆ. ಇವು ಕಾರಿನ ನಡೆಯನ್ನು ಬದಲಿಸದೆ ಮನುಷ್ಯನನ್ನು ಕಾಯುವ ಕ್ರಮಗಳು. ಅಂಟು ಟೈರು ಹಾಗಲ್ಲ. ತಿರುವಿನ ವೇಗ ಏರಿಸಿ, ಹಳೆಯ ಲೋಹದ ಮೇಲೆ ಹೊರೆ ಹೇರಿ, ಜಾರುವ ಮುನ್ನಿನ ಎಚ್ಚರಿಕೆಯನ್ನೂ ಕಿತ್ತುಕೊಳ್ಳುತ್ತದೆ. ಕ್ಷೇಮದ ಹೆಸರಿನಲ್ಲಿ ಅಪಾಯ ತರುತ್ತದೆ. ಹಾಗೆಂದು ಕ್ರಾಸ್ ಪ್ಲೈ ಎಲ್ಲರಿಗೂ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ನಿಮ್ಮ ಮನೆಯ ಕಾರು ರೇಡಿಯಲ್ಲಿಗೆಂದೇ ರೂಪಿಸಿದ್ದು, ಅದಕ್ಕೆ ರೇಡಿಯಲ್ಲೇ ಸರಿ. ಕಾರಿಗೆ ಹೊಂದುವ ಟೈರು ಎಂಬುದಷ್ಟೇ ನನ್ನ ವಾದ.

ಹಳೆಯ ಕಾರು ಇಟ್ಟುಕೊಂಡವರಿಗೂ ಇಟ್ಟುಕೊಳ್ಳಬೇಕೆಂದಿರುವವರಿಗೂ ಒಂದು ಮಾತು. ಸಂಗ್ರಹದ ಕಾರುಗಳ ಟೈರು ಓಡದೆ ನಿಂತೇ ಹಳತಾಗುತ್ತದೆ. ಹೂವು ಸವೆದಿರುವುದಿಲ್ಲ, ನೋಡಲು ಹೊಸದರಂತೆ ಇರುತ್ತದೆ. ಆದರೆ ಗಾಳಿ, ಬಿಸಿಲಿಗೆ ರಬ್ಬರು ಗಟ್ಟಿಯಾಗಿ ಒಳಪದರ ಸಡಿಲವಾಗಿರುತ್ತದೆ. 2000ದ ನಂತರ ತಯಾರಾದ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. 2318 ಎಂದಿದ್ದರೆ 2018ರ ಇಪ್ಪತ್ತಮೂರನೇ ವಾರ. ಮೆರವಣಿಗೆಗೆ ಕಾರು ತೆಗೆಯುವ ಮೊದಲು ಬಣ್ಣಕ್ಕೆ ಪಾಲಿಶ್ ಹಾಕುವ ಜತೆಗೆ ಇದನ್ನೂ ಬಗ್ಗಿ ನೋಡಿ.

ಗುಡ್‌ವುಡ್ಡಿನ ತಿರುವಿನಲ್ಲಿ ಹಳೆಯ ಜಾಗ್ವಾರೊಂದು ನಾಲ್ಕೂ ಚಕ್ರಗಳಲ್ಲಿ ಜಾರುತ್ತಾ ಬಂದಾಗ ಜನ ನೋಡುವುದು ಒಂದು ಕಾರನ್ನು ಮಾತ್ರವಲ್ಲ. ಆ ಕಾರಿನೊಡನೆ ಬೆಳೆದ ಒಂದು ಕೈಚಳಕವನ್ನೂ ನೋಡುತ್ತಾರೆ. ಟೈರು ಬದಲಿಸಿದರೆ ಕಾರು ಉಳಿಯುತ್ತದೆ, ಕೈಚಳಕ ಉಳಿಯುವುದಿಲ್ಲ. ಆ ಹಠದ ಹಿಂದಿನ ಕಾರಣ ಇದು ಎಂದು ನನಗೆ ತೋರುತ್ತದೆ.